ಏಡಿಯ ಕಾಲು ಎಣಿಸಿ ಪುಸ್ತಕ ಕೊಳ್ಳಿ

ಪ್ರಶ್ನೆ: ನಮ್ಮದು ಕಾರವಾರ. ಮಗಳಿಗೆ ಆರು ವರ್ಷ. ವಿಜ್ಞಾನದ ಚಿತ್ರಪುಸ್ತಕ ತಂದರೆ ಎರಡು ಪುಟಕ್ಕೇ ಎದ್ದು ಹೋಗುತ್ತಾಳೆ. ಕಡಲತೀರದಲ್ಲಿ ಏಡಿ ನೋಡುತ್ತ ಮಾತ್ರ ಎಷ್ಟು ಹೊತ್ತಾದರೂ ಕೂರುತ್ತಾಳೆ. ಎಂಥ ಪುಸ್ತಕ ತರಬೇಕು? ಮನೆಯಲ್ಲೇ ಮಾಡಬಹುದೇ?

ಉತ್ತರ: ಅಂಗಡಿಯಲ್ಲಿ ಪುಸ್ತಕ ಬಿಡಿಸಿ, ಅಕ್ಷರಗಳನ್ನು ಕೈಯಿಂದ ಮುಚ್ಚಿ, ಚಿತ್ರವನ್ನಷ್ಟೇ ನೋಡಿ. ಏನು ನಡೆಯುತ್ತಿದೆ ಎಂಬುದು ಅರ್ಧದಷ್ಟಾದರೂ ತಿಳಿಯಬೇಕು. ಪಾಠಕ್ಕೆ ಬಣ್ಣದ ಗೊಂಬೆ ಅಂಟಿಸಿದಂತಿದ್ದರೆ ಬೇಡ, ಮಕ್ಕಳು ಎದ್ದು ಹೋಗುವುದು ಅಂಥದ್ದರಿಂದಲೇ. ಏಡಿಯ ಚಿತ್ರ ಸಿಕ್ಕರೆ ಕಾಲು ಎಣಿಸಿ. ಇಕ್ಕಳದಂಥ ಎರಡನ್ನು ಬಿಟ್ಟು ಎಂಟು ಇರಬೇಕು. ಆರೇ ಇದ್ದರೆ ಆ ಚಿತ್ರ ಏಡಿಯನ್ನು ನೋಡಿ ಬರೆದದ್ದಲ್ಲ. ನಿಮ್ಮ ಮಗಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಭೂಮಿ, ಚಂದ್ರರನ್ನು ಪುಟದಲ್ಲಿ ಹಿಡಿಸಲೆಂದು ಪಕ್ಕಪಕ್ಕ ಕೂರಿಸಿರುತ್ತಾರೆ. 12 ಸೆಂ.ಮೀ. ಅಗಲದ ತೆಂಗಿನಕಾಯಿ ಭೂಮಿಯಾದರೆ 3 ಸೆಂ.ಮೀ.ಗಿಂತ ತುಸು ದೊಡ್ಡ ಲಿಂಬೆ ಚಂದ್ರ, ನಡುವೆ ಸುಮಾರು 12 ಅಡಿ. ಆ ಪುಟ ಬಂದಾಗ ಜಗಲಿಯಲ್ಲಿ ಇಟ್ಟು ತೋರಿಸಿ.

ಖರ್ಚಿಲ್ಲದೆ ಶುರುಮಾಡಲು ಮಕ್ಕಳ ಪುಸ್ತಕಗಳನ್ನು ಉಚಿತವಾಗಿ ಓದಬಹುದಾದ, ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣವಿದೆ. ಅಲ್ಲಿನ ನಾಲ್ಕು ಓದಿನ ಹಂತಗಳಲ್ಲಿ ಮೊದಲೆರಡು ಈ ವಯಸ್ಸಿಗೆ ಸಾಕು. ಓದುವಾಗ ಪುಟ ಮಗುಚುವ ಮುನ್ನ ‘ಮುಂದೇನಾಗಬಹುದು?’ ಎಂದು ಕೇಳಿ ಸುಮ್ಮನಿರಿ. ಉತ್ತರ ತಪ್ಪಿದರೂ ತಿದ್ದಬೇಡಿ, ಮುಂದಿನ ಪುಟ ತಿದ್ದುತ್ತದೆ.

ಮನೆಯಲ್ಲಿ ಖಂಡಿತ ಮಾಡಿ. ನಾಲ್ಕು ಎ4 ಹಾಳೆಗಳನ್ನು ಒಟ್ಟಿಗೆ ಮಡಚಿದರೆ 16 ಪುಟ. ಮೊದಲ ಪುಟಕ್ಕೆ ಹೆಸರು. ಕೊನೆಯದನ್ನು ಬಿಟ್ಟರೆ ಎದುರುಬದುರು ಪುಟಗಳ ಏಳು ಜೋಡಿ ಉಳಿಯುತ್ತವೆ, ಏಳು ದಿನಕ್ಕೆ ಸರಿ. ಇಳಿತ ಇರುವ ಹೊತ್ತು ನೋಡಿ ಆರಂಭಿಸಿ. ದಿನವೂ ಅದೇ ಗಂಟೆಗೆ, ಅದೇ ಜಾಗದಲ್ಲಿ ನಿಂತು ನೀರು ಎಲ್ಲಿದೆ, ಏಡಿಯ ಬಿಲ ಎಲ್ಲಿದೆ ಎಂದು ಅವಳೇ ಬರೆಯಲಿ. ಉಬ್ಬರವಿಳಿತ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತ ಹೋಗುತ್ತದೆ. ಏಳನೇ ದಿನದ ಹೊತ್ತಿಗೆ ಅದು ಐದು ಗಂಟೆ ಸರಿದಿರುತ್ತದೆ. ಮೊದಲ ದಿನ ಬಿಲವಿದ್ದ ಮರಳಿನತ್ತ ನೀರು ಏರಿರುತ್ತದೆ. ಏಕೆಂದು ಅವಳೇ ಕೇಳುವವರೆಗೆ ಕಾಯಿರಿ. ಜೊತೆಗೆ ದೊಡ್ಡವರಿರಬೇಕು. ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ.

ಹಾಳೆ ಮಡಚುವ ಮೊದಲೇ ಚಿತ್ರ ಬರೆದರೆ ಪುಟ ಅದಲುಬದಲಾಗುತ್ತದೆ, ಒಂದನೇ ಪುಟದ ಮಗ್ಗುಲಲ್ಲಿ ಇರುವುದು ಹದಿನಾರನೆಯದು. ಮಡಚಿ, ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿಕೊಳ್ಳಿ. ತೆಳು ಹಾಳೆ ನೀರುಬಣ್ಣಕ್ಕೆ ಸುಕ್ಕಾಗುತ್ತದೆ, ಕ್ರೆಯಾನ್ ಒಳ್ಳೆಯದು. ಸ್ಟೇಪ್ಲರ್ ಪಿನ್ನು ಉಪ್ಪುಗಾಳಿಗೆ ತುಕ್ಕು ಹಿಡಿದು ಹಾಳೆಗೆ ಕಲೆ ಮಾಡುತ್ತದೆ. ಆದ್ದರಿಂದ ಮಡಿಕೆಯಲ್ಲಿ ದಬ್ಬಣದಿಂದ ಮೂರು ತೂತು ಮಾಡಿ ದಾರದಲ್ಲಿ ಹೊಲಿಯಿರಿ: ನಡುವಿನ ತೂತಿನಿಂದ ಹೊರಗೆ, ಮೇಲಿನದರಿಂದ ಒಳಗೆ, ಕೆಳಗಿನದರಿಂದ ಹೊರಗೆ, ಮತ್ತೆ ನಡುವಿನದರಿಂದ ಒಳಗೆ. ಒಳಗಿರುವ ಉದ್ದ ಎಳೆ ಎರಡು ತುದಿಗಳ ನಡುವೆ ಬರುವಂತೆ ಗಂಟು ಹಾಕಿ.

ಪ್ರಶ್ನೆ: ಮಳೆಗಾಲದಲ್ಲಿ ನೆನೆದ ಪುಸ್ತಕದ ಪುಟಗಳು ಅಂಟಿಕೊಂಡವು. ಏನು ಮಾಡಬೇಕಿತ್ತು? (ಕುಮಟಾ)

ಉತ್ತರ: ನುಣುಪು ಕಾಗದದ ಪುಟಗಳು ಅಂಟಿ ಒಣಗಿದ ಮೇಲೆ ಹರಿಯದೆ ಬಿಡುವುದು ಕಷ್ಟ. ಹಸಿಯಿರುವಾಗಲೇ ಪುಟಗಳ ನಡುವೆ ಬಿಳಿ ಹಾಳೆ ಇಟ್ಟು, ಫ್ಯಾನಿನ ಗಾಳಿಗೆ ನಿಲ್ಲಿಸಿ, ಹಾಳೆ ಒದ್ದೆಯಾದಂತೆ ಬದಲಿಸುತ್ತಿರಿ. ಪೂರ್ತಿ ಒಣಗುವ ಮೊದಲು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೂಷ್ಟು ಬರುತ್ತದೆ.