ಹೊಡೆಯೋದು ನಿಂತಿತು, ಈಗ ಹೊಸ ರಗಳೆ

ಪ್ರಶ್ನೆ: ಮಗನಿಗೆ ಏಳು ವರ್ಷ. ಎರಡೂವರೆ ವರ್ಷದವನಿದ್ದಾಗ ಸಿಕ್ಕಸಿಕ್ಕವರಿಗೆ ಹೊಡೆಯುತ್ತಿದ್ದ, ಕಚ್ಚುತ್ತಿದ್ದ. ಅದು ನಿಂತಿದೆ. ಈಗ ಸುಳ್ಳು ಹೇಳುತ್ತಾನೆ, ಹೋಂವರ್ಕ್ ಎಂದರೆ ರಂಪ ಮಾಡುತ್ತಾನೆ. ‘ದೊಡ್ಡವನಾದ್ಮೇಲೆ ಸರಿಹೋಗ್ತಾನೆ ಬಿಡು’ ಅಂತಾರೆ ಅತ್ತೆ. ಸುಮ್ಮನಿರಲೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅತ್ತೆಯವರ ಮಾತು ಅರ್ಧ ನಿಜ. ಹೊಡೆಯುವುದು, ಕಚ್ಚುವುದು ಎರಡು-ಮೂರು ವರ್ಷದ ಮಕ್ಕಳಲ್ಲೇ ಅತಿ ಹೆಚ್ಚು. ಹೊಡೆಯುವುದನ್ನು ಮಗುವಿಗೆ ಯಾರೂ ಕಲಿಸಬೇಕಿಲ್ಲ, ಹೊಡೆಯದಿರುವುದನ್ನು ಕಲಿಸಬೇಕು ಎನ್ನುತ್ತಾರೆ ಕೆನಡಾದ ಸಂಶೋಧಕ ರಿಚರ್ಡ್ ಟ್ರೆಂಬ್ಲೆ. ಮಾತು ಬಲಿತಂತೆ ಕೈ ಇಳಿಯುತ್ತದೆ. ನಿಮ್ಮ ಮಗನದು ಇಳಿದಿದೆ. ಸುಳ್ಳಿಗೂ ಗಾಬರಿ ಬೇಡ. ‘ನನಗೆ ಗೊತ್ತಿರೋದು ಅಮ್ಮನಿಗೆ ಗೊತ್ತಿಲ್ಲ’ ಎಂಬ ತಿಳಿವಳಿಕೆ ಬಂದ ಮೇಲೇ ಮಗು ಸುಳ್ಳು ಹೇಳುವುದು.

ನನಗೆ ಯೋಚನೆಯಾಗುವುದು ರಂಪದ್ದು. ಅದು ಮುಗಿಯುವುದು ಹೇಗೆ? ಬರಿ ಅನ್ನುತ್ತೀರಿ, ಅವನು ಕಿರುಚುತ್ತಾನೆ, ನೀವು ದನಿ ಏರಿಸುತ್ತೀರಿ, ಅವನು ಪುಸ್ತಕ ಎಸೆಯುತ್ತಾನೆ, ಕೊನೆಗೆ ಸಾಕಾಗಿ ‘ಏನಾದ್ರೂ ಮಾಡ್ಕೋ’ ಎಂದು ಎದ್ದುಹೋಗುತ್ತೀರಿ. ಹೀಗೇ ಆಗುತ್ತಿದ್ದರೆ, ಕಿರುಚಿದರೆ ಹೋಂವರ್ಕ್ ತಪ್ಪುತ್ತದೆಂದು ಅವನು ಕಲಿತ. ಬಿಟ್ಟುಕೊಟ್ಟರೆ ಮನೆ ತಣ್ಣಗಾಗುತ್ತದೆಂದು ನೀವೂ ಕಲಿತಿರಿ! ಅಮೆರಿಕದ ಆರೆಗಾನ್‌ನಲ್ಲಿ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ತಂಡ ಜನರ ಮನೆಗಳಲ್ಲೇ ಕೂತು ಗುರುತಿಸಿದ ಸುಳಿ ಇದು. ವಯಸ್ಸಾದ ಮಾತ್ರಕ್ಕೆ ಇದು ಬಿಡುವುದಿಲ್ಲ, ಮನೆಯಿಂದ ಶಾಲೆಗೂ ಹೋಗುತ್ತದೆ.

ನ್ಯೂಜಿಲೆಂಡ್‌ನ ಡುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಇಂದಿಗೂ ಗಮನಿಸುತ್ತಿದ್ದಾರೆ. ಆ ಮಾಹಿತಿಯನ್ನೂ ಆಧರಿಸಿ ಮನಶ್ಶಾಸ್ತ್ರಜ್ಞೆ ಟೆರಿ ಮಾಫಿಟ್ 1993ರಲ್ಲಿ ಎರಡು ದಾರಿ ಗುರುತಿಸಿದರು: ಹದಿಹರೆಯದಲ್ಲಿ ಶುರುವಾಗುವ ಪುಂಡಾಟ ಬಹುಮಟ್ಟಿಗೆ ಇಳಿದುಹೋಗುತ್ತದೆ, ಚಿಕ್ಕಂದಿನಿಂದಲೇ ಬಿಡದೆ ಬಂದದ್ದು ಕೆಲವರಲ್ಲಿ ದೊಡ್ಡವರಾದರೂ ಉಳಿಯುತ್ತದೆ. ನಿಮ್ಮ ಮಗ ಆ ಕೆಲವರಲ್ಲಿ ಒಬ್ಬ ಎನ್ನಲು ನೀವು ಬರೆದದ್ದರಲ್ಲಿ ಆಧಾರವಿಲ್ಲ.

ಮೊದಲು ಟೀಚರ್ ಹತ್ತಿರ ಮಾತಾಡಿ. ಓದಲು, ಬರೆಯಲು ನಿಜಕ್ಕೂ ಕಷ್ಟಪಡುವ ಮಗುವೂ ರಂಪ ಮಾಡುತ್ತದೆ. ಅದನ್ನು ಸೋಮಾರಿತನ ಎಂದುಕೊಳ್ಳುವವರೇ ಹೆಚ್ಚು. ಶಾಲೆಯಲ್ಲೂ ತಿಂಗಳುಗಟ್ಟಲೆ ಜಗಳ, ಪ್ರಾಣಿಗಳಿಗೆ ಹಿಂಸೆ, ಕದಿಯುವುದು ಕಂಡರೆ ಮಕ್ಕಳ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿಯೂ ಕೇಳಬಹುದು.

ಮನೆಯಲ್ಲಿ ಹೋಂವರ್ಕ್ ಹದಿನೈದು ನಿಮಿಷಕ್ಕೆ ಇಳಿಸಿ, ಒಂದೇ ಸಲ ಹೇಳಿ, ಕೂತು ಬರೆದಾಗ ಮೆಚ್ಚಿ. ಕಿರುಚಿದನೆಂದು ಬಿಟ್ಟುಕೊಡಬೇಡಿ, ನೀವೂ ಕಿರುಚಬೇಡಿ. ಮೊದಲ ಕೆಲವು ದಿನ ರಂಪ ಇನ್ನೂ ಜೋರಾಗಬಹುದು. ಅಷ್ಟರಲ್ಲಿ ಅಜ್ಜಿ ಕನಿಕರಪಟ್ಟು ಮೊಬೈಲ್ ಕೊಟ್ಟರೆ ಮತ್ತೆ ಮೊದಲಿಂದ ಶುರು. ಅವರಿಗೆ ಇವತ್ತೇ ಹೇಳಿಡಿ.