ಅಜ್ಜಿಯ ಬಗ್ಗೆ ನಾನು ಹೇಳಿದ ಸುಳ್ಳು

ತಮ್ಮಾ,

ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾಕ್ಕೆ ಬರುತ್ತಿದ್ದೀಯ ಅಂತ ಓದಿ ಖುಷಿಯಾಯಿತು. ಮೂರು ವಿಷಯ ಕೇಳಿದ್ದೀಯ. ಕಪ್ಪು ಜನ ಇರುವ ಏರಿಯಾದಲ್ಲಿ ಮನೆ ಹಿಡಿಯಬೇಡ ಅಂತ ಎಲ್ಲರೂ ಹೇಳುತ್ತಾರೆ, ನಿಜವಾ? ಆಫೀಸಿನಲ್ಲಿ ರಾಜಕೀಯ ಮಾತಾಡಬಹುದಾ? ಮತ್ತೆ, ನಮಗೆ ಕಾಲೇಜಿನಲ್ಲಿ ತೋರಿಸಿದ ಒಬಾಮಾ ಭಾಷಣ ಇದೇ ಊರಿನದು ಅಲ್ವಾ, ಆಗ ಅಲ್ಲಿದ್ದಿರಾ ಅಕ್ಕಾ?

ಇದ್ದೆ. ಬಂದು ಆರು ತಿಂಗಳಾಗಿತ್ತು ಅಷ್ಟೇ.

ಮೊದಲು ಮನೆ. ಟ್ರೈನಿಗೆ ಹತ್ತಿರ ಇರಲಿ. ಹೀಟಿಂಗ್ ಖರ್ಚು ಬಾಡಿಗೆಯಲ್ಲಿ ಸೇರಿದೆಯಾ ಕೇಳು. ಕಣ್ಣಾರೆ ನೋಡದೆ ಸಹಿ ಹಾಕಬೇಡ. ಚಳಿಗೆ ಕೋಟು ಇಲ್ಲೇ ತಗೋ, ಅಲ್ಲಿನ ಸ್ವೆಟರು ಸಾಲುವುದಿಲ್ಲ. ಏರಿಯಾ ಬಗ್ಗೆ ನಮ್ಮವರು ಹೇಳುವುದನ್ನು ಮಾತ್ರ ಹಾಗೇ ನಂಬಬೇಡ. ನಾನು ನಂಬಿದ್ದೆ.

ಆಗ ನನ್ನ ಮನೆ ಅಪ್ಪರ್ ಡಾರ್ಬಿಯಲ್ಲಿ. 69ನೇ ಬೀದಿಯ ಟರ್ಮಿನಲ್‌ನಿಂದ ಟ್ರೈನ್ ಹಿಡಿದು ಊರೊಳಗಿನ ಆಫೀಸಿಗೆ ಹೋಗುತ್ತಿದ್ದೆ. ಬಂದ ವಾರವೇ ನಮ್ಮವರು ಬುದ್ಧಿ ಹೇಳಿದ್ದರು: ಕತ್ತಲಾದ ಮೇಲೆ ಕಪ್ಪು ಗಂಡಸರು ಎದುರು ಬಂದರೆ ರಸ್ತೆ ದಾಟಿಬಿಡು ಅಂತ. ದಾಟುತ್ತಿದ್ದೆ, ಬ್ಯಾಗನ್ನು ಎದೆಗೆ ಅವಚಿಕೊಂಡು. ಅದೇ ಚಳಿಗಾಲದಲ್ಲಿ ನನಗೆ ಕೆಲಸ ಕಲಿಸಿದವರು, ಹಿಮ ಬಿದ್ದ ದಿನ ಕಾರಿನಲ್ಲಿ ಮನೆವರೆಗೂ ಬಿಟ್ಟವರು, ಒಬ್ಬ ಕಪ್ಪು ಹೆಂಗಸು. ನಮ್ಮಮ್ಮನ ವಯಸ್ಸಿನವರು. ಆ ಕಾರಿನಿಂದ ಇಳಿದ ಮೇಲೂ ನಾನು ರಸ್ತೆ ದಾಟುತ್ತಲೇ ಇದ್ದೆ.

2008ರ ಮಾರ್ಚ್. ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಆಗುವುದಕ್ಕೆ ಒಬಾಮಾ, ಹಿಲರಿ ಕ್ಲಿಂಟನ್ ನಡುವೆ ಭಾರೀ ಪೈಪೋಟಿ. ಒಬಾಮಾ ಹೋಗುತ್ತಿದ್ದ ಷಿಕಾಗೋ ಚರ್ಚಿನ ಪಾದ್ರಿ ಜೆರೆಮಯಾ ರೈಟ್ ಹಿಂದೆ ಅಮೆರಿಕವನ್ನು ಶಪಿಸಿ ಮಾಡಿದ್ದ ಪ್ರವಚನದ ತುಣುಕುಗಳು ಟಿವಿಯಲ್ಲಿ ಹಗಲೂ ರಾತ್ರಿ ಬರುತ್ತಿದ್ದವು. ಒಬಾಮಾ ಮದುವೆ ಮಾಡಿಸಿದ್ದೂ ಅದೇ ಪಾದ್ರಿ. ಒಬಾಮಾ ಕಥೆ ಮುಗಿಯಿತು ಅಂತ ಬಹಳ ಜನ ಅಂದುಕೊಂಡಿದ್ದರು. 18ನೇ ತಾರೀಖು, ಮಂಗಳವಾರ, ಇಲ್ಲಿನ ಸಂವಿಧಾನ ಕೇಂದ್ರದಲ್ಲಿ ಅವರು ಮಾತಾಡಿದರು. ನಾವು ಕೆಲಸ ಬಿಟ್ಟು ಆಫೀಸಿನ ಟಿವಿ ಮುಂದೆ ನಿಂತಿದ್ದೆವು.

ಸಂವಿಧಾನ ಬರೆದಾಗಲೇ ಅದಕ್ಕೆ ಗುಲಾಮಗಿರಿಯ ಕಲೆ ಅಂಟಿತ್ತು ಅಂದರು. ಕಪ್ಪು ಜನರಿಗೆ ಆಸ್ತಿ ಮಾಡಲು ಬಿಡಲಿಲ್ಲ, ಸಾಲ ಕೊಡಲಿಲ್ಲ, ಸರ್ಕಾರದ ಬೆಂಬಲದ ಗೃಹಸಾಲ ಸಿಗಲಿಲ್ಲ ಅಂದರು. ನೀನು ಕೇಳುವ ಆ ‘ಏರಿಯಾ’ಗಳು ಹುಟ್ಟಿದ್ದು ಹೀಗೆ ತಮ್ಮಾ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಕಷ್ಟಪಟ್ಟು ದುಡಿಯುವ ಬಿಳಿಯರ ಸಿಟ್ಟಿಗೂ ಕಾರಣ ಇದೆ ಅಂತ ಅದೇ ಉಸಿರಿನಲ್ಲಿ ಹೇಳಿದರು. ಪಾದ್ರಿಯ ಮಾತು ತಪ್ಪು, ಆದರೆ ಅವರನ್ನು ನನ್ನವರಲ್ಲ ಅನ್ನಲಾರೆ, ನನ್ನ ಬಿಳಿ ಅಜ್ಜಿಯನ್ನು ಹೇಗೆ ಅನ್ನಲಾರೆನೋ ಹಾಗೆ, ಅಂದರು. ಆ ಅಜ್ಜಿ ಅವರನ್ನು ಸಾಕಿ ಬೆಳೆಸಿದವರು. ರಸ್ತೆಯಲ್ಲಿ ಪಕ್ಕದಲ್ಲಿ ಹಾದುಹೋಗುವ ಕಪ್ಪು ಗಂಡಸರನ್ನು ಕಂಡರೆ ಭಯ ಅಂತ ಒಪ್ಪಿಕೊಂಡವರೂ ಅವರೇ.

ನನ್ನ ಕೈ ಬ್ಯಾಗಿನ ಮೇಲೆ ಹೋಯಿತು. ಆಮೇಲೆ ಅರಸೀಕೆರೆಯ ನಮ್ಮಜ್ಜಿ ಕಣ್ಣ ಮುಂದೆ ಬಂದಳು. ಅವಲಕ್ಕಿ ಸರ ಅಡವಿಟ್ಟು ನನ್ನನ್ನು ಓದಿಸಿದವಳು. ಹಿತ್ತಲ ಬಾಗಿಲ ಪಕ್ಕ, ಗೋಡೆಯ ಗೂಡಿನಲ್ಲಿ, ಕಾಯಿ ಕೀಳುವವನಿಗೆ ಅಂತ ಒಂದು ಚಿಪ್ಪು ಇಟ್ಟಿದ್ದಳು. ಮಜ್ಜಿಗೆ ಮೇಲಿಂದ ಹುಯ್ಯುತ್ತಿದ್ದಳು. ನಿನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಭಾಷಣ ಮುಗಿದ ಮೇಲೆ, ನನಗೆ ಕೆಲಸ ಕಲಿಸಿದ ಆ ಸಹೋದ್ಯೋಗಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. ನಿಮ್ಮ ದೇಶದಲ್ಲೂ ಇಂಥ ಅಜ್ಜಿಯರು ಇದ್ದಾರಾ ಅಂತ ಕೇಳಿದರು. ಸುಮ್ನೆ ಪ್ರೀತಿಯಿಂದ ಕೇಳಿದ್ದು. ನಾನು, "ಇಲ್ಲ, ನಮ್ಮಲ್ಲಿ ಹಾಗೆಲ್ಲ ಇಲ್ಲ" ಅಂದುಬಿಟ್ಟೆ.

ಊರಿನ ಮರ್ಯಾದೆ ಉಳಿಸಿದೆ ಅಂತ ಆ ಗಳಿಗೆಯಲ್ಲಿ ಅನ್ನಿಸಿತ್ತು. ದೇಶದ ಮುಂದೆ ನಿಂತು ಒಬ್ಬ ಅಭ್ಯರ್ಥಿ ತನ್ನ ಅಜ್ಜಿಯ ಪ್ರೀತಿ, ತಪ್ಪು ಎರಡನ್ನೂ ಹೇಳಿದ್ದ. ನಾನು ಒಬ್ಬರ ಮುಂದೆ ಹೇಳಲಿಲ್ಲ. ಇಷ್ಟು ವರ್ಷದಲ್ಲಿ ಕಳೆದ ನಿದ್ದೆಯಲ್ಲಿ ಜಾಸ್ತಿ ಪಾಲು ಇದರದೇ.

ಏಪ್ರಿಲ್ ಕೊನೆಗೆ ರೈಟ್ ಮತ್ತೆ ಹಾಗೇ ಮಾತಾಡಿದಾಗ ಒಬಾಮಾ ಅವರಿಂದ ದೂರ ಸರಿದರು, ಮೇ ಕೊನೆಗೆ ಚರ್ಚನ್ನೂ ಬಿಟ್ಟರು. ನೋಡಿದೆಯಾ, ಬರೀ ಮಾತು, ಅಂತ ನಮ್ಮವರು ಅಂದರು. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ರಾಜ್ಯ ಪೆನ್ಸಿಲ್ವೇನಿಯಾದಲ್ಲಿ ಪಕ್ಷದ ಒಳಚುನಾವಣೆಯನ್ನು ಕ್ಲಿಂಟನ್ ಗೆದ್ದರು, ನನಗೆ ಆಗ ಮತ ಇರಲಿಲ್ಲ. ಈಗ ಇದೆ, ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ. ಒಬಾಮಾ ಅಜ್ಜಿ ನವೆಂಬರ್‌ನಲ್ಲಿ, ಮತದಾನಕ್ಕೆ ಇನ್ನೇನು ಒಂದೆರಡು ದಿನ ಇರುವಾಗ ತೀರಿಕೊಂಡರು.

ಆಫೀಸಿನಲ್ಲಿ ಮೊದಲ ವರ್ಷ ಕೇಳಿಸಿಕೋ, ಜಾಸ್ತಿ ಮಾತಾಡಬೇಡ. ಆದರೆ ನಾವು ಓದಿನಿಂದ ಮೇಲೆ ಬಂದೆವು, ಕಪ್ಪು ಜನ ಯಾಕೆ ಬರಲಿಲ್ಲ ಅನ್ನುವ ಮಾತು ನಮ್ಮವರ ಬಾಯಲ್ಲಿ ಬಂದರೆ ತಲೆಯಾಡಿಸಬೇಡ. 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಪಂಜಾಬಿನಿಂದ ವಲಸೆ ಬಂದಿದ್ದ ಭಗತ್ ಸಿಂಗ್ ಥಿಂದ್ ಅವರಿಗೆ, ನೀನು ಬಿಳಿಯನಲ್ಲ, ಪೌರತ್ವ ಇಲ್ಲ ಅಂದಿತ್ತು. ನಮ್ಮಂಥವರಿಗೆ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಕಪ್ಪು ಜನ ಬೀದಿಯಲ್ಲಿ ಪೆಟ್ಟು ತಿಂದು ತಮ್ಮ ಹಕ್ಕು ಗೆದ್ದ ಕಾಲವೂ ಅದೇ.

ಆ ಸಹೋದ್ಯೋಗಿ ನಿವೃತ್ತಿಯಾಗಿ ಮಗಳ ಮನೆಗೆ, ಜಾರ್ಜಿಯಾಕ್ಕೆ ಹೋದರು. ಪ್ರತಿ ಕ್ರಿಸ್‌ಮಸ್‌ಗೆ ಕಾರ್ಡ್ ಬರುತ್ತದೆ. ಅಜ್ಜಿಯ ಚಿಪ್ಪಿನ ವಿಷಯ ಬರೆಯಬೇಕು ಅಂತ ಪ್ರತಿ ಸಲ ಕೂರುತ್ತೇನೆ. ಹಬ್ಬದ ಶುಭಾಶಯ ಬರೆದು ಅಂಟಿಸಿಬಿಡುತ್ತೇನೆ.

ವಿಮಾನದ ದಿನ ತಿಳಿಸು, ಕರೆದುಕೊಳ್ಳಲು ಬರುತ್ತೇನೆ. ಮೊದಲ ವಾರ ನಮ್ಮ ಮನೆಯಲ್ಲೇ ಇರು. ಅಮ್ಮನ ಹತ್ತಿರ ಸಾರಿನ ಪುಡಿ ಮಾಡಿಸಿಕೊಂಡು ಬಾ.