ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ಕೊಟ್ಟಿಗೆಗೆ ಬೀಗ ಹಾಕಿ ಹೊರಡಲಾಗದು

ಪ್ರಶ್ನೆ: ನನ್ನ ಯಜಮಾನರ ಊರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿದೆ. ಭಾವನವರು ಹನ್ನೊಂದು ಎಕರೆ ಎರೆಭೂಮಿಯಲ್ಲಿ ತೊಗರಿ ಮತ್ತು ಬಿಳಿಜೋಳ ಬೆಳೆಯುತ್ತಾರೆ. ಮನೆಯಲ್ಲಿ ಒಂದು ಜೋಡಿ ಎತ್ತು, ಎರಡು ಎಮ್ಮೆ, ಹದಿನಾಲ್ಕು ಆಡುಗಳಿವೆ. ನಾವು ಡೊಂಬಿವಲಿಗೆ ಬಂದು ಹದಿನೇಳು ವರ್ಷಗಳಾದರೂ ಭಾವನವರು ಮತ್ತು ನೆಗೆಣ್ಣಿ ಇಬ್ಬರೂ ಕೂಡಿ ನಮ್ಮ ಮನೆಗೆ ಒಮ್ಮೆಯೂ ಬಂದಿಲ್ಲ. ಕರೆದಾಗಲೆಲ್ಲ ‘ಈಗ ಆಗಂಗಿಲ್ಲವ್ವಾ, ಸುಗ್ಗಿ ಮುಗೀಲಿ’ ಎನ್ನುತ್ತಾರೆ. ಸುಗ್ಗಿ ಮುಗಿದ ಮೇಲೆ ‘ಎಮ್ಮಿ ಈಯಾಕ ಬಂದದ’ ಎನ್ನುತ್ತಾರೆ. ಇದು ನಿಜವೋ, ನೆಪವೋ? ವರ್ಷದ ಯಾವ ಕಾಲದಲ್ಲಿ ಕರೆದರೆ ಬಂದಾರು?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ನೆಪವಲ್ಲ ತಾಯಿ. ನೀವು ಫ್ಲ್ಯಾಟಿಗೆ ಬೀಗ ಹಾಕಿ, ಕೀಲಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಹೊರಡಬಹುದು. ಬೆಳಗಿನ ಐದಕ್ಕೆ ಕೆಚ್ಚಲು ತುಂಬಿಕೊಂಡು ನಿಲ್ಲುವ ಎಮ್ಮೆಯನ್ನು ಹಾಗೆ ಒಪ್ಪಿಸಿ ಬರಲಾಗದು. ಅವರ ವರ್ಷವನ್ನು ಮೊದಲಿನಿಂದ ನೋಡಿದರೆ ಬಿಡುವು ಎಲ್ಲಿ ಅಡಗಿದೆ ಎಂಬುದು ನಿಮಗೇ ಕಾಣುತ್ತದೆ.

ಮೇ 25ರ ಸುಮಾರಿಗೆ ರೋಹಿಣಿ ಮಳೆ ಕೂಡುತ್ತದೆ. ‘ರೋಹಿಣಿ ಮಳೆ ಆದರೆ ಓಣೆಲ್ಲ ಜೋಳ’ ಎಂಬ ಮಾತನ್ನು ನಿಮ್ಮ ಅತ್ತೆಯವರ ಬಾಯಲ್ಲಿ ಕೇಳಿರುತ್ತೀರಿ. ಅಲ್ಲಿಂದ ಮೃಗಶಿರ, ಆರಿದ್ರ ಮಳೆಗಳು ಮುಗಿಯುವವರೆಗೆ, ಅಂದರೆ ಜುಲೈ ಮೊದಲ ವಾರದವರೆಗೆ, ಹರಗುವುದು, ತೊಗರಿ ಬಿತ್ತುವುದು, ಕಾರ ಹುಣ್ಣಿಮೆಗೆ ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುವುದು, ಮಳೆ ಬಲಿಯುವ ಮುನ್ನ ಗಳಲೆ ರೋಗ ಮತ್ತು ಚಪ್ಪೆ ಬೇನೆಯ ಲಸಿಕೆ ಹಾಕಿಸುವುದು ಎಲ್ಲವೂ ಒಂದರ ಬೆನ್ನಿಗೊಂದು ಬರುತ್ತವೆ. ಆ ಹೊತ್ತಿನಲ್ಲಿ ಕರೆಯಲೇಬೇಡಿ. ಶ್ರಾವಣದಲ್ಲಿ ತುಸು ಬಿಡುವು ಕಂಡರೂ ಅವರ ಕಣ್ಣು ಆಕಾಶದ ಮೇಲೇ ಇರುತ್ತದೆ. 2005ರ ಜುಲೈ 26ರಂದು ನಿಮ್ಮ ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬಿದ್ದ 944 ಮಿಲಿಮೀಟರ್ ಮಳೆ ಇಂಡಿಯ ಕಡೆ ಇಡೀ ವರ್ಷ ಸೇರಿದರೂ ಬೀಳುವುದಿಲ್ಲ. ಬೀಳುವ ಅಷ್ಟಿಷ್ಟರಲ್ಲಿ ಒಂದು ಮಘೆ ಮಳೆ ತಪ್ಪಿದರೂ ಲೆಕ್ಕ ತಲೆಕೆಳಗಾಗುತ್ತದೆ. 2023ರ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗೆ ಅತ್ಯಂತ ಒಣಗಿದ ಆಗಸ್ಟ್ ಆಗಿತ್ತು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸಾರಲಾಯಿತು. ಅಂಥ ವರ್ಷ ಊರಿಗೆ ಫೋನ್ ಮಾಡಿ ‘ಮುಂಬೈ ನೋಡಲು ಬನ್ನಿ’ ಎನ್ನುವ ಬದಲು ಒಂದು ಗಾಡಿ ಕಣಿಕೆಗೆ (ಜೋಳದ ಒಣದಂಟಿನ ಮೇವಿಗೆ) ಹಣ ಕಳಿಸಿದರೆ ಅದೇ ದೊಡ್ಡ ಆದರ.

ಸೆಪ್ಟೆಂಬರ್ ನಡುವಿನ ಉತ್ತರೆಯಿಂದ ಹಸ್ತ, ಚಿತ್ತೆಯವರೆಗೆ ಬಿಳಿಜೋಳದ ಬಿತ್ತನೆ. ಕೂರಿಗೆ ಹೂಡಿದ ದಿನಗಳಲ್ಲಿ ಎತ್ತಿಗೂ ಬಿಡುವಿಲ್ಲ, ಮನುಷ್ಯನಿಗೂ ಇಲ್ಲ. ದೀಪಾವಳಿ ಕಳೆದು ಜೋಳಕ್ಕೆ ಎರಡು ಸಲ ಎಡೆ ಹೊಡೆದ ಮೇಲೆ ಬೆಳೆ ತನ್ನ ಪಾಡಿಗೆ ತಾನು ಏರುತ್ತದೆ. ಡಿಸೆಂಬರ್ ಕೊನೆಗೆ ತೊಗರಿ ಕೊಯ್ಲು, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಎಡೆ ಚೆಲ್ಲುವ ಚರಗ, ಜೋಳ ಹಾಲುಗಾಳಾದಾಗ ಹಕ್ಕಿ ಕಾಯುವುದು, ಆಮೇಲೆ ಜೋಳ ಕೀಳುವುದು, ಬಣವೆ ಒಟ್ಟುವುದು. ಹೀಗೆ ನೋಡಿದರೆ ಕಾರ್ತಿಕದ ಕೊನೆಯ ಛಟ್ಟಿ ಅಮಾವಾಸ್ಯೆಯಿಂದ ಎಳ್ಳ ಅಮಾವಾಸ್ಯೆಯ ನಡುವಣ ತಿಂಗಳಲ್ಲಿ, ಅದರಲ್ಲೂ ಮೊದಲ ಹದಿನೈದು ದಿನಗಳಲ್ಲಿ, ಹೊಲ ಅವರನ್ನು ಬಿಟ್ಟುಕೊಡುತ್ತದೆ.

ಎಮ್ಮೆಗಳು ಬಿಟ್ಟುಕೊಡಬೇಕಲ್ಲ, ಅದು ಇನ್ನೊಂದು ಲೆಕ್ಕ. ಎಮ್ಮೆ ಗಬ್ಬ ಕಟ್ಟಿದ ದಿನದಿಂದ ಸುಮಾರು ಹತ್ತು ತಿಂಗಳು ಹತ್ತು ದಿನಕ್ಕೆ ಈಯುತ್ತದೆ. ಆದ್ದರಿಂದ ನೆಗೆಣ್ಣಿಯವರನ್ನು ಈಗಲೇ ಕೇಳಿ, ಎರಡೂ ಎಮ್ಮೆಗಳು ಗಬ್ಬ ಕಟ್ಟಿದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಈಯುವ ದಿನ ಆ ಹದಿನೈದು ದಿನಗಳ ಆಸುಪಾಸಿನಲ್ಲಿ ಬಿದ್ದರೆ ಆ ವರ್ಷದ ಮಾತನ್ನು ಬಿಟ್ಟುಬಿಡಿ. ಶ್ರಾವಣ, ಭಾದ್ರಪದದಲ್ಲಿ ಈದಿದ್ದರೆ ಕರು ಗಟ್ಟಿಯಾಗಿರುತ್ತದೆ, ಹಾಲು ಮಾತ್ರ ಜೋರಾಗಿರುತ್ತದೆ. ಆಗ ಕರೆಯುವ ರೀತಿಯನ್ನೇ ಬದಲಿಸಬೇಕಾಗುತ್ತದೆ: ನಿಮ್ಮ ಯಜಮಾನರು ಆರು ದಿನ ಮೊದಲೇ ಊರಿಗೆ ಹೋಗಿ ಕೊಟ್ಟಿಗೆಯನ್ನು ವಹಿಸಿಕೊಳ್ಳಲಿ, ಅವರಿಬ್ಬರೂ ಡೊಂಬಿವಲಿಗೆ ಹೊರಟು ಬರಲಿ. ಆ ಮನೆಯಲ್ಲೇ ಹುಟ್ಟಿ ಬೆಳೆದವರಿಗೆ ಹಾಲು ಹಿಂಡುವುದು ಮರೆತಿರಲಾರದು. ಮೊದಲ ಎರಡು ದಿನ ಬೆರಳು ನೋಯುತ್ತವೆ, ಅಷ್ಟೆ.

ಎಮ್ಮೆ ಹೊಸ ಕೈಗೆ ಸೊರೆ ಬಿಡುವುದಿಲ್ಲ, ಅಂದರೆ ಕೆಚ್ಚಲಿಗೆ ಹಾಲು ಇಳಿಸುವುದಿಲ್ಲ. ಮೊದಲ ಮೂರು ದಿನ ನೆಗೆಣ್ಣಿಯವರು ಪಕ್ಕದಲ್ಲಿ ನಿಂತು, ಅದರ ಬೆನ್ನು ನೇವರಿಸುತ್ತ ಮಾತಾಡಿಸುತ್ತಿರಲಿ; ನಾಲ್ಕನೆಯ ದಿನದಿಂದ ಅವರು ದೂರ ನಿಲ್ಲಲಿ. ಆಗಲೂ ಒದ್ದರೆ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಉಪಾಯವಿದೆ: ನೆಗೆಣ್ಣಿಯವರು ಉಟ್ಟು ಬಿಟ್ಟ, ತೊಳೆಯದ ಸೀರೆಯೊಂದನ್ನು ನಿಮ್ಮ ಯಜಮಾನರು ಮೈಮೇಲೆ ಹೊದ್ದು ಕೂರಲಿ. ಓಣಿಯವರು ನಗುತ್ತಾರೆ, ಎಮ್ಮೆ ಹಾಲು ಕೊಡುತ್ತದೆ. ಆಡುಗಳ ಚಿಂತೆ ಬೇಡ. ಅವು ಯಾರ ಮಾತನ್ನೂ ಕೇಳದ ಕಾರಣ ಯಾರು ಕಾದರೂ ಒಂದೇ.

ಟಿಕೆಟಿನ ವಿಷಯ: 2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಕಾಯ್ದಿರಿಸುವಿಕೆ 120 ದಿನಗಳಿಂದ 60 ದಿನಗಳಿಗೆ ಇಳಿದಿರುವುದರಿಂದ, ಹಸ್ತ ಮಳೆಯ ಹೊತ್ತಿಗೆ ಸೊಲ್ಲಾಪುರದ ಮೂಲಕ ಬರುವ ರೈಲಿಗೆ ಎರಡು ಕೆಳಗಿನ ಬರ್ತ್ ಹಿಡಿಯಿರಿ. ಛಟ್ಟಿ ಅಮಾವಾಸ್ಯೆಯ ಆರನೆಯ ದಿನ ಚಂಪಾಷಷ್ಠಿ. ಜೇಜೂರಿಯ ಖಂಡೋಬ ನಮ್ಮ ಕಡೆಯವರಿಗೆ ಮೈಲಾರಲಿಂಗನೇ ಆಗಿರುವುದರಿಂದ, ಪುಣೆಯಲ್ಲಿಳಿದು ಆ ಬೆಟ್ಟ ಹತ್ತಿಸಿಕೊಂಡು ಬರುತ್ತೇವೆಂದು ಹೇಳಿ ನೋಡಿ. ಮುಂಬೈ ನೋಡಲು ಬನ್ನಿ ಎಂದರೆ ಅಲುಗಾಡದ ಹಿರಿಯರು ಭಂಡಾರದ ಹೆಸರಿಗೆ ಎದ್ದು ನಿಂತದ್ದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನಾನು ಹಿಂಜವಡಿಯಲ್ಲಿ ಕೆಲಸದಲ್ಲಿದ್ದೇನೆ. ಅಥಣಿ ತಾಲ್ಲೂಕಿನ ಕೃಷ್ಣಾ ದಂಡೆಯ ಊರಿನಲ್ಲಿ ತಂದೆ (66) ಮತ್ತು ತಾಯಿ (60) ಇಬ್ಬರೇ ಇದ್ದಾರೆ. ಈಗಿರುವುದು ಒಂದು ಎಮ್ಮೆ ಮಾತ್ರ. ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿಯ) ಆಕಳುಗಳನ್ನು ಕೊಡಿಸಿದರೆ ಅವರಿಗೆ ಕೈತುಂಬ ಆದಾಯವಾದೀತು ಎಂದು ನನ್ನ ಆಲೋಚನೆ. ಹೊಳೆ ಬಂದಾಗ ದನಗಳನ್ನು ಹೇಗೆ ಕಾಪಾಡುವುದು ಎಂಬ ಚಿಂತೆಯೂ ಇದೆ.
— ಓದುಗರೊಬ್ಬರು, ಪುಣೆ

ಉತ್ತರ: ಆದಾಯದ ಲೆಕ್ಕ ಹಾಕಿದ್ದೀರಿ, ಸೆಗಣಿಯ ಲೆಕ್ಕ ಹಾಕಿಲ್ಲ. ಹಾಲು ಕೊಡುವ ಒಂದು ಎಚ್‌ಎಫ್ ಆಕಳಿಗೆ ದಿನಕ್ಕೆ ಇಪ್ಪತ್ತೈದು, ಮೂವತ್ತು ಕಿಲೋ ಹಸಿಮೇವು ಕೊಯ್ದು, ಹೊತ್ತು, ಕತ್ತರಿಸಿ ಹಾಕಬೇಕು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಅದು ನಾಲಗೆ ಹೊರಹಾಕಿ ಏದುಸಿರು ಬಿಡುವಾಗ ಮೈಮೇಲೆ ಎರಡು ಮೂರು ಸಲ ನೀರು ಸುರಿಯಬೇಕು. ಕೆಚ್ಚಲು ಬಾವು ಬಂದರೆ ಅಂದೇ ವೈದ್ಯರನ್ನು ಕರೆಸಬೇಕು. ಇದನ್ನೆಲ್ಲ ಎರಡರಿಂದ ಗುಣಿಸಿ, ಅರವತ್ತಾರು ವರ್ಷದ ಸೊಂಟದ ಮೇಲೆ ಹೊರಿಸಿ ನೋಡಿ. ನಿಮ್ಮ ಭಾಗದ ಪಂಢರಪುರಿ ಎಮ್ಮೆ, ಹೆಗಲು ದಾಟಿ ಹಿಂದಕ್ಕೆ ಚಾಚುವ ಕತ್ತಿಯಂಥ ಕೋಡಿನದು, ಹಾಲು ಕಡಿಮೆ ಕೊಟ್ಟರೂ ಒಣ ಕಣಿಕೆಯನ್ನು ಅರಗಿಸಿಕೊಂಡು ಬಾಳುತ್ತದೆ. ಕೊಡಿಸಲೇಬೇಕೆಂದಿದ್ದರೆ ಎರಡನೆಯ ಸೂಲಿನ, ಕರುವಿರುವ ಅಂಥದೊಂದನ್ನು, ಮಳೆ ಹಿಂದಾದ ಮೇಲೆ ಕೊಡಿಸಿ. ಮಾರುವವರ ಮನೆಯಲ್ಲಿ ಒಂದು ಹೊತ್ತಿನ ಹಾಲು ನೋಡಿ ಬೆರಗಾಗಬೇಡಿ, ಏಕೆಂದರೆ ಹಿಂದಿನ ಹೊತ್ತು ಹಿಂಡದೆ ಉಳಿಸಿ ತಂಬಿಗೆ ತುಂಬಿಸಿ ತೋರಿಸುವುದು ಹಳೆಯ ವಿದ್ಯೆ. ಬೆಳಿಗ್ಗೆ, ಸಂಜೆ, ಮತ್ತೆ ಬೆಳಿಗ್ಗೆ ಎದುರಿಗೆ ನಿಂತು ಹಿಂಡಿಸಿ. ಕಿವಿಯ ಹಳದಿ ಬಿಲ್ಲೆಯ 12 ಅಂಕಿಗಳನ್ನು ಬರೆದುಕೊಂಡು, ಕಾಲುಬಾಯಿ ಜ್ವರದ ಲಸಿಕೆ ಯಾವಾಗ ಆಗಿದೆ ಎಂದು ಕೇಳಿ. ತಂದ ಮೇಲೆ ಮೂರು ವಾರ ಹಳೆಯ ಎಮ್ಮೆಯಿಂದ ದೂರ ಕಟ್ಟಿ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿ ದನದ ಸಂತೆಗಳನ್ನೇ ನಿಲ್ಲಿಸಬೇಕಾಗಿ ಬಂದದ್ದನ್ನು ನಿಮ್ಮ ತಂದೆಯವರು ಮರೆತಿರಲಾರರು.

ಹೊಳೆಯ ಮಾತಿಗೆ ನನ್ನ ಮನೆಯದೇ ಕಥೆ ಹೇಳುತ್ತೇನೆ. 2019ರ ಆಗಸ್ಟ್‌ನಲ್ಲಿ, ಆಶ್ಲೇಷಾ ಮಳೆಯಲ್ಲಿ, ಕೃಷ್ಣೆ ಏರಿದ ಸುದ್ದಿ ಕೇಳಿ ನಾನು ಪುಣೆಯಿಂದ ಹೊರಟೆ. ಕೊಲ್ಹಾಪುರದ ಬಳಿ ಹೆದ್ದಾರಿಯ ಮೇಲೇ ನೀರು ನಿಂತು ಹಲವು ದಿನ ಸಂಚಾರ ನಿಂತಿತ್ತು. ನಾನು ಸಾತಾರಾದಿಂದ ಮುಂದೆ ಹೋಗಲಾಗದೆ ಒಂದು ಲಾಡ್ಜಿನಲ್ಲಿ ಕುಳಿತು ಅಣ್ಣನೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ರಾತ್ರಿ ಎರಡರ ಹೊತ್ತಿಗೆ ಕೊಟ್ಟಿಗೆಯಲ್ಲಿ ಮೊಣಕಾಲುದ್ದ ನೀರು. ನೆನೆದ ಹಗ್ಗದ ಗಂಟು ಉಬ್ಬಿ ಕಲ್ಲಾಗಿ, ಬಿಚ್ಚಲು ಬರದೆ, ಅಣ್ಣ ಕುಡುಗೋಲಿನಿಂದ ಒಂದೊಂದನ್ನೇ ಕೊಯ್ದು ದನಗಳನ್ನು ದಿನ್ನೆಯ ಕಡೆ ಅಟ್ಟಿದ. ಕೊನೆಯ ಮೂಲೆಯಲ್ಲಿ ಒಂದು ಮಣಕ, ಇನ್ನೂ ಈಯದ ಎಳೆಗರು, ಇತ್ತು. ಹಗ್ಗ ಕಡಿಯುತ್ತದೆಂದು ಅದಕ್ಕೆ ಸರಪಳಿ ಹಾಕಿ ಬೀಗ ಜಡಿದಿದ್ದರು. ಕೀಲಿ ಎಲ್ಲಿದೆ ಎಂದು ಅತ್ತಿಗೆ ಹುಡುಕುವಷ್ಟರಲ್ಲಿ ನೀರು ಎದೆಗೆ ಬಂತು. ಎಲ್ಲವನ್ನೂ ಕಲಿತು ಬಂದ ಪಶುವೈದ್ಯನ ಮನೆಯಲ್ಲೇ ಹೀಗಾಯಿತೆಂಬುದು ನನ್ನನ್ನು ಇಂದಿಗೂ ಕೊರೆಯುತ್ತದೆ.

ಆರಿದ್ರ ಮಳೆ ಕೂಡುವ ಮೊದಲೇ ಸರಪಳಿಗಳನ್ನು ತೆಗೆಸಿ, ಎಳೆದರೆ ಬಿಚ್ಚುವ ಗಂಟಿನಲ್ಲಿ ಕಟ್ಟಲು ಹೇಳಿ; ಹರಿತವಾದ ಕುಡುಗೋಲೊಂದು ಕೊಟ್ಟಿಗೆಯ ತೊಲೆಯಲ್ಲಿ ಸದಾ ಸಿಕ್ಕಿಸಿರಲಿ. ಬಿಟ್ಟ ದನ ಈಜಿಯಾದರೂ ದಡ ಸೇರುತ್ತದೆ. ಡಂಗುರ ಸಾರಿದ ದಿನವೇ ದನಗಳನ್ನು ಎತ್ತರದ ಊರಿನ ಬೀಗರ ಮನೆಗೆ ಹೊಡೆದುಕೊಂಡು ಹೋಗುವುದು ಎಲ್ಲಕ್ಕಿಂತ ಕ್ಷೇಮ. ನೀರಿಳಿದ ಮೇಲೆ ರೇವೆ ಮೆತ್ತಿದ ಕಣಿಕೆಯನ್ನು ಹಾಕಬಾರದು, ಎಷ್ಟೇ ತೊಳೆದರೂ.

ಪ್ರಶ್ನೆ: ಉಡುಪಿ ಬಳಿಯ ನಮ್ಮ ಮನೆಯಲ್ಲಿ ಅಪ್ಪ ಮೂರು ಗಿಡ್ಡ ದನಗಳನ್ನು ಸಾಕಿದ್ದಾರೆ. ಮಕ್ಕಳಿಗೆ ಮಳೆ ತೋರಿಸೋಣವೆಂದು ಆಟಿ ತಿಂಗಳಲ್ಲಿ ಹೋಗುತ್ತೇವೆಂದರೆ ಅಪ್ಪ ಬೇಡವೆನ್ನುತ್ತಾರೆ. ಏಕೆ?
— ಓದುಗರೊಬ್ಬರು, ಗೋರೆಗಾಂವ್

ಉತ್ತರ: ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿಯಲ್ಲಿ ಹಟ್ಟಿಯ ಕೆಲಸ ಇಮ್ಮಡಿಯಾಗುತ್ತದೆ. ಮೇಯಲು ಬಿಡಲಾಗದ ದನಗಳು ದಿನವಿಡೀ ಒಳಗೇ ನಿಂತು ಸೊಪ್ಪು ತುಳಿಯುತ್ತವೆ. ದಿನಕ್ಕೆರಡು ಹೊರೆ ಸೊಪ್ಪು ತರಬೇಕು, ನೆನೆದ ಎಳೆಹುಲ್ಲು ತಿಂದು ಭೇದಿಯಾಗದಂತೆ ಜತೆಗೆ ಬೈಹುಲ್ಲು ಹಾಕಬೇಕು, ಗೊರಸಿನ ಸಂದು ಕೊಳೆಯದಂತೆ ಒಣಗಿದ ಜಾಗ ಮಾಡಿಕೊಡಬೇಕು. ಅಪ್ಪನವರಿಗೆ ಅದರ ನಡುವೆ ನಿಮಗೆ ಕೋಳಿ ಕಡಿಯುವುದು, ಹಾಸಿಗೆ ಒಣಗಿಸುವುದು ಸಂಕೋಚದ ಕೆಲಸವಾಗುತ್ತದೆ. ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿಯೂ ಆಗಲೇ ಇರುತ್ತದೆ. ಬಹುಕಾಲ ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇದ್ದ ಅದು 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಇತ್ತು. ಆ ದಿನಗಳಲ್ಲಿ ಗಾಡಿಗಳು ನಿಧಾನ. ಚೌತಿಗೆ ಹೋಗಿ, ಮಳೆ ಆಗಲೂ ಸಿಗುತ್ತದೆ. ಇನ್ನು, ಮಳೆಯೂ ಈಗ ಪಂಚಾಂಗ ನೋಡಿ ಬರುವುದಿಲ್ಲ: ಜೂನ್ 11ರ ಸುಮಾರಿಗೆ ನಿಮ್ಮ ಮುಂಬೈಗೆ ಬರಬೇಕಾದ ಮುಂಗಾರು 2025ರಲ್ಲಿ ಮೇ 26ಕ್ಕೇ ಬಂದಿಳಿಯಿತು.

ಪ್ರಶ್ನೆ: ಹಳಿಯಾಳದ ಸೋದರಮಾವ ನನಗೊಂದು ಗಬ್ಬದ ಎಮ್ಮೆ ಕೊಡುತ್ತೇನೆಂದಿದ್ದಾರೆ. ಜುಲೈಯಲ್ಲಿ ಅನಮೋಡ ಘಟ್ಟದ ಮೇಲಿಂದ ಟೆಂಪೋದಲ್ಲಿ ಫೋಂಡಾಕ್ಕೆ ತರಬಹುದೇ?
— ಓದುಗರೊಬ್ಬರು, ಫೋಂಡಾ

ಉತ್ತರ: ಜುಲೈ ಬೇಡ. ಘಟ್ಟದಲ್ಲಿ ಮಣ್ಣು ಕುಸಿದರೆ ಎಮ್ಮೆ ಟೆಂಪೋದಲ್ಲೇ ರಾತ್ರಿ ಕಳೆಯಬೇಕಾದೀತು, ಮತ್ತು ಕೊನೆಯ ಮೂರು ತಿಂಗಳ ಗಬ್ಬದಲ್ಲಿ ತಿರುವುಗಳ ಕುಲುಕಾಟ ಕಂದು ಹಾಕಿಸುವ (ಗರ್ಭ ಇಳಿಸುವ) ಭಯವಿದೆ. ಈದು ಎರಡು ತಿಂಗಳಾದ ಮೇಲೆ, ಕರುವಿನ ಸಮೇತ, ಮಳೆ ನಿಂತ ದಿನಗಳಲ್ಲಿ ತನ್ನಿ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಪಶುವೈದ್ಯರ ಪ್ರಮಾಣಪತ್ರ ಜತೆಗಿರಬೇಕು. ಒಂದು ಸರಕು ವಾಹನದಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ತುಂಬುವಂತಿಲ್ಲ. ನಿಮ್ಮದು ಒಂದೇ ಆದರೂ ಚಾಲಕ ದಾರಿಯಲ್ಲಿ ಇನ್ನಷ್ಟು ತುಂಬಿಕೊಳ್ಳದಂತೆ ನೋಡಿಕೊಳ್ಳಿ. ನೆಲಕ್ಕೆ ಹುಲ್ಲು ದಪ್ಪಗೆ ಹಾಸಿ, ನಸುಕಿನಲ್ಲೇ ಹೊರಡಿ. ಹೊಸ ಊರಿನ ನೀರನ್ನು ಅದು ಮೊದಲ ಎರಡು ದಿನ ಮೂಸಿ ಬಿಟ್ಟುಬಿಟ್ಟರೆ ಬಕೀಟಿಗೆ ಒಂದು ಹಿಡಿ ಬೆಲ್ಲ ಕದಡಿ ಮುಂದಿಡಿ. ಹಾಲು ಇಳಿದೇ ಇಳಿಯುತ್ತದೆ. ಹತ್ತು ದಿನ ಕಾಯದೆ ಮಾವನವರಿಗೆ ಫೋನ್ ಮಾಡಿ ಜಗಳ ತೆಗೆಯಬೇಡಿ.